ಎಂಜಿನ್ ನಿಂತರೆ ದೋಣಿ ನಿಲ್ಲುವುದಿಲ್ಲ

1945ರ ಫೆಬ್ರವರಿ 14ರ ಬೆಳಗಿನ ಜಾವ ಬರ್ಮಾದ ನ್ಯೌಂಗು ಎಂಬಲ್ಲಿ ಐರಾವತಿ ನದಿಯನ್ನು ದಾಟಲು ಹೊರಟ ಸೈನಿಕರ ಒಂದು ಬೆಟಾಲಿಯನ್ ನಡುನೀರಿನಲ್ಲಿ ಚೆಲ್ಲಾಪಿಲ್ಲಿಯಾಯಿತು. ಕಾರಣ ಶತ್ರುವಿನ ತಂತ್ರವಲ್ಲ, ಸೇನಾಧಿಕಾರಿಯ ಮೂರ್ಖತನವೂ ಅಲ್ಲ. ದೋಣಿಗಳ ಹಿಂದೆ ಕಟ್ಟಿದ್ದ ಔಟ್‌ಬೋರ್ಡ್ ಎಂಜಿನ್‌ಗಳು ಕೆಲವು ಶುರುವಾಗಲಿಲ್ಲ, ಕೆಲವು ಶುರುವಾಗಿ ಅರ್ಧ ದಾರಿಯಲ್ಲಿ ನಿಂತವು. ನದಿ ಅಲ್ಲಿ ಎರಡು ಕಿಲೋಮೀಟರಿಗೆ ಹತ್ತಿರ ಅಗಲವಿದೆ. ಎಂಜಿನ್ ನಿಂತ ದೋಣಿಯನ್ನು ಹರಿವು ಕೆಳಕ್ಕೆ ಎಳೆಯಿತು. ಮುಂದೆ ಹೋಗಬೇಕಾದ ತುಕಡಿ ಹಿಂದೆ ಬಿತ್ತು, ಹಿಂದೆ ಬರಬೇಕಾದದ್ದು ಮುಂದೆ ಹೋಯಿತು. ಅಷ್ಟರಲ್ಲಿ ಬೆಳಕು ಹರಿಯಿತು. ಎದುರು ದಡದ ಎತ್ತರದಲ್ಲಿದ್ದ ಮೆಷಿನ್‌ಗನ್‌ಗಳಿಗೆ ನೀರಿನ ಮೇಲೆ ತೇಲುತ್ತಿದ್ದ ಗುರಿಗಳು ಸ್ಪಷ್ಟವಾಗಿ ಕಂಡವು.

ಎರಡನೇ ಮಹಾಯುದ್ಧದ ಚರಿತ್ರೆಗಳಲ್ಲಿ ಈ ಪ್ರಸಂಗಕ್ಕೆ ಹೆಚ್ಚೆಂದರೆ ಒಂದು ಪುಟ ಸಿಗುತ್ತದೆ. ಅದೇ ದಿನ ಬೆಳಿಗ್ಗೆಯೇ ಎರಡನೆಯ ಪ್ರಯತ್ನ ಯಶಸ್ವಿಯಾಯಿತು, ಸೈನ್ಯ ದಾಟಿತು, ಮಾರ್ಚ್ ಮೊದಲ ವಾರದಲ್ಲಿ ಮೆಯ್ಕ್‌ಟಿಲಾ ಬಿದ್ದಿತು, ಬರ್ಮಾದ ಯುದ್ಧದ ದಿಕ್ಕೇ ಬದಲಾಯಿತು. ಗೆದ್ದ ಮೇಲೆ ನಿಂತುಹೋದ ಎಂಜಿನ್‌ನ ಮಾತು ಯಾರಿಗೆ ಬೇಕು? ಆದರೆ ನನ್ನ ಸಂಶೋಧನೆಯ ವಸ್ತು ಕರಾವಳಿಯ ಮೀನುಗಾರಿಕೆಯ ಯಾಂತ್ರೀಕರಣವಾದ್ದರಿಂದ ನನಗೆ ಆ ಒಂದು ಪುಟವನ್ನು ದಾಟಿ ಹೋಗಲು ಆಗಲಿಲ್ಲ. ತಂತ್ರಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಎಂಜಿನ್ ಹೇಗೆ ಓಡಿತು ಎಂಬ ಕಥೆಯಾಗಿ ಬರೆಯುತ್ತೇವೆ. ಅದು ಎಲ್ಲಿ, ಯಾಕೆ, ಯಾರ ಕೈಯಲ್ಲಿ ನಿಂತಿತು ಎಂಬುದು ಬೇರೆಯದೇ ಚರಿತ್ರೆ. ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ ತಮ್ಮ 'ದಿ ಶಾಕ್ ಆಫ್ ದಿ ಓಲ್ಡ್' ಕೃತಿಯಲ್ಲಿ ಆವಿಷ್ಕಾರದ ಚರಿತ್ರೆಗಿಂತ ಬಳಕೆಯ ಚರಿತ್ರೆ ಮುಖ್ಯವೆಂದು ವಾದಿಸುತ್ತಾರೆ. ಆ ವಾದವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ಕೆಟ್ಟುಹೋಗುವಿಕೆಯ ಚರಿತ್ರೆ ಸಿಗುತ್ತದೆ.

ಇಂಗ್ಲಿಷಿನಲ್ಲಿ ಎಂಜಿನ್ 'ಸಾಯುತ್ತದೆ'. ಕನ್ನಡದಲ್ಲಿ ಅದು 'ನಿಲ್ಲುತ್ತದೆ', 'ಬಂದ್ ಬೀಳುತ್ತದೆ', ತೀರಾ ಹೊಸ ಮಾತಿನಲ್ಲಿ 'ಆಫ್' ಆಗುತ್ತದೆ. ರಸ್ತೆಯಲ್ಲಿ ಈ 'ನಿಲ್ಲುವುದು' ಸರಿಯಾದ ಪದ. ಬೈಕಿನ ಎಂಜಿನ್ ನಿಂತರೆ ಬೈಕೂ ನಿಲ್ಲುತ್ತದೆ, ಪಕ್ಕಕ್ಕೆ ತಳ್ಳಿ ಮೆಕ್ಯಾನಿಕ್ಕನ್ನು ಹುಡುಕಬಹುದು. ನೀರಿನಲ್ಲಿ ಎಂಜಿನ್ ನಿಂತರೆ ದೋಣಿ ನಿಲ್ಲುವುದಿಲ್ಲ, ಅದು ಗಾಳಿ ಮತ್ತು ಹರಿವು ಕರೆದಲ್ಲಿಗೆ ಹೋಗುತ್ತದೆ. ಮುಂದೆ ಹೇಳುವುದೆಲ್ಲ ಈ ಸರಳ ಸಂಗತಿಯ ಮೇಲೆ ನಿಂತಿದೆ.

ದೋಣಿಯ ಹಿಂಭಾಗಕ್ಕೆ ತಗುಲಿಸಿ, ಬೇಕಾದಾಗ ಬಿಚ್ಚಿ ಹೆಗಲ ಮೇಲೆ ಹೊತ್ತೊಯ್ಯಬಹುದಾದ ಎಂಜಿನ್ನಿನ ಕಲ್ಪನೆ ಪೆಟ್ರೋಲ್ ಯುಗಕ್ಕಿಂತ ಹಳೆಯದು. ಫ್ರಾನ್ಸಿನ ಗುಸ್ತಾವ್ ತ್ರೂವೆ 1881ರಲ್ಲಿಯೇ ಪ್ಯಾರಿಸಿನ ಸೇನ್ ನದಿಯಲ್ಲಿ ವಿದ್ಯುತ್ ಮೋಟಾರು ಕಟ್ಟಿದ ದೋಣಿ ಓಡಿಸಿ ತೋರಿಸಿದ್ದ. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಯಾಗಿದ್ದ ಕ್ಯಾಮರೂನ್ ವಾಟರ್‌ಮನ್‌ಗೆ ಮೋಟಾರ್‌ಸೈಕಲ್ ಎಂಜಿನ್ ಬಿಚ್ಚಿಟ್ಟುಕೊಂಡು ಕೂತಾಗ ಇದೇ ವಿಚಾರ ಹೊಳೆಯಿತು. 1905ರಲ್ಲಿ ಅವನು ಡೆಟ್ರಾಯಿಟ್ ನದಿಯಲ್ಲಿ ಮೊದಲ ಪರೀಕ್ಷೆ ನಡೆಸಿದ. 'ಔಟ್‌ಬೋರ್ಡ್ ಮೋಟಾರ್' ಎಂಬ ಹೆಸರನ್ನು ಚಾಲ್ತಿಗೆ ತಂದವನೂ ಅವನೇ ಎನ್ನುತ್ತಾರೆ.

ಆದರೆ ಇಂದಿಗೂ ಉಳಿದಿರುವ ವಿನ್ಯಾಸ ನಾರ್ವೆಯಲ್ಲಿ ಹುಟ್ಟಿ ಐದು ವರ್ಷದ ಮಗುವಾಗಿ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ ಓಲೆ ಎವಿನ್‌ರೂಡ್‌ನದು. ಬೇಸಿಗೆಯ ವನಭೋಜನವೊಂದರಲ್ಲಿ ಗೆಳತಿ ಬೆಸ್‌ಗಾಗಿ ಸರೋವರದಾಚೆಯಿಂದ ಐಸ್‌ಕ್ರೀಂ ತರಲು ಹುಟ್ಟು ಹಾಕುತ್ತ ಹೋದನಂತೆ. ಮರಳುವಷ್ಟರಲ್ಲಿ ಐಸ್‌ಕ್ರೀಂ ಕರಗಿತ್ತಂತೆ. ಕಂಪನಿಗಳ ಮೂಲಕಥೆಗಳು ಯಾವಾಗಲೂ ಹೀಗೆ ಸಿಹಿಯಾಗಿಯೇ ಇರುತ್ತವೆ, ಅದನ್ನು ಎಷ್ಟು ನಂಬಬೇಕೋ ಅಷ್ಟು ನಂಬೋಣ. 1909ರ ಹೊತ್ತಿಗೆ ಅವನು ಮಾರತೊಡಗಿದ ಒಂದೂವರೆ ಅಶ್ವಶಕ್ತಿಯ ಎಂಜಿನ್ ಮಾತ್ರ ನಿಜ. ಸುಮಾರು 28 ಕಿಲೋ ತೂಕ, 62 ಡಾಲರ್ ಬೆಲೆ. ಮೊದಲ ಸಲ ಅದನ್ನು ನೋಡಿದ ಬೆಸ್, ಕಾಫಿ ಬೀಜ ಅರೆಯುವ ಯಂತ್ರದಂತಿದೆ ಎಂದು ನಕ್ಕಳಂತೆ. ಆಮೇಲೆ ಹುಟ್ಟುಗಳನ್ನು ಬಿಸಾಕಿ ಎಂದು ಕರೆಕೊಡುವ ಜಾಹೀರಾತು ಬರೆದವಳೂ ಅವಳೇ. ವ್ಯಾಪಾರವನ್ನು ಕಟ್ಟಿದ್ದರಲ್ಲಿ ಅವಳ ಪಾಲು ಗಂಡನಿಗಿಂತ ಕಡಿಮೆಯೇನಲ್ಲ. ಚರಿತ್ರೆ ಮಾತ್ರ ಅವಳನ್ನು ಐಸ್‌ಕ್ರೀಂ ಕೇಳಿದ ಹುಡುಗಿಯಾಗಿ ನೆನಪಿಟ್ಟುಕೊಂಡಿದೆ.

ಈ ವಿನ್ಯಾಸದ ಬಲ ಅದರ ಸರಳತೆ. ಮೇಲೆ ಚಕ್ರ, ಅದರ ಕೆಳಗೆ ಸಿಲಿಂಡರ್, ಅಲ್ಲಿಂದ ನೇರ ಕೆಳಗಿಳಿಯುವ ದಂಡ, ನೀರಿನೊಳಗೆ ಗೇರು ಮತ್ತು ಫ್ಯಾನು. ಹಗ್ಗ ಎಳೆದರೆ ಚಕ್ರ ತಿರುಗುತ್ತದೆ, ಚಕ್ರದ ಅಯಸ್ಕಾಂತ ಕಿಡಿ ಹುಟ್ಟಿಸುತ್ತದೆ. ಬ್ಯಾಟರಿಯೂ ಬೇಡ. ಟೂ-ಸ್ಟ್ರೋಕ್ ಆದ್ದರಿಂದ ಬಿಡಿಭಾಗಗಳು ಕಡಿಮೆ, ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಒಳಗನ್ನು ನಯವಾಗಿಡುತ್ತದೆ. ಅದರ ದೌರ್ಬಲ್ಯವೂ ಈ ಸರಳತೆಯೊಳಗೇ ಇದೆ. ನೀರಿನ ಮೇಲೆ, ಉಪ್ಪುಗಾಳಿಯಲ್ಲಿ, ಮಳೆಯಲ್ಲಿ, ಅಲುಗಾಡುತ್ತಿರುವ ಹಲಗೆಗೆ ನೇತುಬಿದ್ದು ಕೆಲಸ ಮಾಡಬೇಕಾದ ಯಂತ್ರಕ್ಕೆ ಇಂಧನ, ಕಿಡಿ, ಗಾಳಿ, ತಂಪು ಈ ನಾಲ್ಕರಲ್ಲಿ ಒಂದು ಕ್ಷಣಕಾಲ ತಪ್ಪಿದರೂ ಸಾಕು.

ಯುದ್ಧದಲ್ಲಿ ಅದು ತಪ್ಪಿದ ಪ್ರಸಂಗ ನ್ಯೌಂಗು ಒಂದೇ ಅಲ್ಲ. 1944ರ ಸೆಪ್ಟೆಂಬರ್ 25ರ ರಾತ್ರಿ ಹಾಲೆಂಡಿನ ಆರ್ನ್‌ಹೆಮ್ ಬಳಿ ಸೋತು ಸುಸ್ತಾಗಿದ್ದ ಬ್ರಿಟಿಷ್ ಪ್ಯಾರಾಟ್ರೂಪರ್‌ಗಳನ್ನು ರೈನ್ ನದಿಯಾಚೆ ಸಾಗಿಸಲು ಬಂದ ಕೆನಡಾದ ಎಂಜಿನಿಯರ್‌ಗಳ ದೋಣಿಗಳಿಗೆ ಕಟ್ಟಿದ್ದದ್ದು ಎವಿನ್‌ರೂಡ್ ಎಂಜಿನ್‌ಗಳೇ. ಆ ರಾತ್ರಿ ಜೋರು ಮಳೆ. ಆ ಮಳೆ ಜರ್ಮನರ ಕಣ್ಣಿನಿಂದ ದೋಣಿಗಳನ್ನು ಮರೆಮಾಡಿತು, ಅದೇ ಮಳೆ ಎಂಜಿನ್‌ಗಳ ಒಳಗೂ ಇಳಿಯಿತು. ಒಂದಾದ ಮೇಲೊಂದು ನಿಂತವು. ಬೆಳಗಾಗುವವರೆಗೆ ಸುಮಾರು 2,400 ಮಂದಿಯನ್ನು ದಾಟಿಸಿದರು. ಆದರೆ ಸರದಿ ಬರುವ ಮೊದಲೇ ಬೆಳಕು ಹರಿದದ್ದರಿಂದ ದಡದಲ್ಲೇ ಉಳಿದು ಸೆರೆಯಾದವರೂ ನೂರಾರು ಮಂದಿ. ಒದ್ದೆಯಾದ ಮ್ಯಾಗ್ನೆಟೊ ಕಿಡಿ ಕೊಡುವುದಿಲ್ಲ ಎಂಬುದು ಮೆಕ್ಯಾನಿಕ್ಕಿನ ಕೈಪಿಡಿಯಲ್ಲಿ ಒಂದು ಸಾಲು. ಆ ದಡದಲ್ಲಿ ನಿಂತು ಕಾಯುತ್ತಿದ್ದವರಿಗೆ ಅದು ಯುದ್ಧ ಮುಗಿಯುವವರೆಗಿನ ಸೆರೆವಾಸ.

ನ್ಯೌಂಗುವಿಗೆ ಮರಳೋಣ, ಅಲ್ಲಿನ ವಿಷಯ ಇನ್ನೂ ಜಟಿಲ. ದಾಟಬೇಕಿದ್ದದ್ದು 7ನೇ ಇಂಡಿಯನ್ ಡಿವಿಷನ್. ಮೊದಲ ಸರದಿ ಬ್ರಿಟಿಷ್ ಬೆಟಾಲಿಯನ್ ಆದ 2ನೇ ಸೌತ್ ಲ್ಯಾಂಕಾಶೈರ್ಸ್‌ನದು. 1942ರಲ್ಲಿ ಮಡಗಾಸ್ಕರ್‌ನಲ್ಲಿ ಸಮುದ್ರದಿಂದ ದಡಕ್ಕಿಳಿದ ಅನುಭವ ಅವರಿಗಿತ್ತು. ಅವರ ಒಂದು ಕಂಪನಿ ಕತ್ತಲಿರುವಾಗಲೇ ಸದ್ದಿಲ್ಲದೆ ಕೈಯಿಂದ ಹುಟ್ಟು ಹಾಕುತ್ತ ಆಚೆ ದಡ ಸೇರಿತು. ಎಂಜಿನ್ ನಂಬಿ ಹೊರಟ ಉಳಿದ ಕಂಪನಿಗಳು ಸೇರಲಿಲ್ಲ. ಗುಂಡಿನ ಮಳೆಗೆ ಸಿಕ್ಕಿ ಹಿಂದಿರುಗಿದವು. ಹುಟ್ಟು ಹಾಕಿ ಹೋದವರು ಮಾತ್ರ ಆಚೆ ದಡದಲ್ಲಿ ಒಂಟಿಯಾದರು. ಎವಿನ್‌ರೂಡ್ ಕಂಪನಿಯ ಜಾಹೀರಾತನ್ನು ನೆನೆದರೆ ಇಲ್ಲಿ ವಿಷಾದದ ನಗು ಬರುತ್ತದೆ.

ಆ ಭಾಗದ ಸೇನೆ ನದಿಯ ದಡಕ್ಕೆ ಬಂದದ್ದು ನೂರಾರು ಕಿಲೋಮೀಟರ್ ಕಾಡುದಾರಿಯಲ್ಲಿ, ಲಾರಿಗಳ ಮೇಲೆ ದೋಣಿಗಳನ್ನು ಕುಲುಕಾಡಿಸಿಕೊಂಡು. ದೋಣಿಗಳೂ ಎಂಜಿನ್‌ಗಳೂ ತರಬೇತಿಯಲ್ಲಿ ಸವೆದಿದ್ದವು, ಕೆಲವು ದೋಣಿಗಳು ಸೋರುತ್ತಿದ್ದವು. ಯುರೋಪಿನ ರಣರಂಗಕ್ಕೆ ಹೊಸ ಸಾಮಗ್ರಿ, ಬರ್ಮಾಕ್ಕೆ ಉಳಿದದ್ದು. 14ನೇ ಸೇನೆಯ ದಳಪತಿ ವಿಲಿಯಂ ಸ್ಲಿಮ್ 1956ರಲ್ಲಿ ಪ್ರಕಟಿಸಿದ ತಮ್ಮ ನೆನಪುಗಳಲ್ಲಿ ಈ ಕೊರತೆಯನ್ನು ಮುಚ್ಚಿಟ್ಟಿಲ್ಲ. ಗುಟ್ಟಾಗಿ ದಾಟಬೇಕಿದ್ದ ಸೈನ್ಯಕ್ಕೆ ದಡದಲ್ಲಿ ಎಂಜಿನ್‌ಗಳನ್ನು ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸುವ ಅವಕಾಶ ಇದ್ದಿರಲಾರದು ಎಂದೂ ಊಹಿಸಬಹುದು. ತಣ್ಣನೆಯ, ಸವೆದ, ಕೆಲವು ದಿನ ಸುಮ್ಮನೆ ಮಲಗಿದ್ದ ಟೂ-ಸ್ಟ್ರೋಕ್ ಎಂಜಿನ್ ಮೊದಲ ಎಳೆತಕ್ಕೆ ಏನು ಮಾಡುತ್ತದೆ ಎಂಬುದು ಅದನ್ನು ಬಳಸಿದ ಯಾರಿಗೂ ಗೊತ್ತು.

ಇನ್ನು ಎದುರು ದಡ. ಆ ನದೀತೀರದ ಕಾವಲಿಗಿದ್ದವರಲ್ಲಿ ಸುಭಾಷರ ಆಜಾದ್ ಹಿಂದ್ ಫೌಜ್‌ನ ನೆಹರೂ ರೆಜಿಮೆಂಟೂ ಇತ್ತು. ಅದರ ನಾಯಕ ಗುರುಬಕ್ಷ್ ಸಿಂಗ್ ಧಿಲ್ಲೋನ್. ಅದೇ ವರ್ಷದ ಕೊನೆಯಲ್ಲಿ ಕೆಂಪುಕೋಟೆಯ ಮೊಕದ್ದಮೆಯಲ್ಲಿ ಶಾ ನವಾಜ್ ಖಾನ್ ಮತ್ತು ಸೆಹಗಲ್ ಜೊತೆ ಕಟಕಟೆಯಲ್ಲಿ ನಿಂತವರು. ಬೆಳಗಿನ ಗುಂಡುಗಳಲ್ಲಿ ಯಾರ ಪಾಲು ಎಷ್ಟು ಎಂಬುದರಲ್ಲಿ ಸ್ಲಿಮ್‌ರ ನಿರೂಪಣೆಗೂ ಧಿಲ್ಲೋನ್‌ರ ನೆನಪಿಗೂ ಹೊಂದಾಣಿಕೆಯಿಲ್ಲ. ಸ್ವಲ್ಪ ಹೊತ್ತಿನಲ್ಲಿ ಫಿರಂಗಿ, ಟ್ಯಾಂಕು, ವಿಮಾನಗಳ ಬೆಂಬಲದಲ್ಲಿ 15ನೇ ಪಂಜಾಬ್ ರೆಜಿಮೆಂಟಿನ 4ನೇ ಬೆಟಾಲಿಯನ್ ಅದೇ ನದಿಯನ್ನು ದಾಟಿತು. ಕೆಳಗೆ ಪಗಾನಿನಲ್ಲಿ ಸಿಖ್ ಬೆಟಾಲಿಯನ್ನಿನ ದೋಣಿಗಳು ಮೊದಲು ಹಿಮ್ಮೆಟ್ಟಿದರೂ ಆಮೇಲೆ ದಡದಿಂದ ಬಿಳಿ ಬಾವುಟ ಹಿಡಿದ ದೋಣಿಯೊಂದು ಬಂದು ಆಜಾದ್ ಹಿಂದ್ ಸೈನಿಕರ ಶರಣಾಗತಿಯನ್ನು ತಿಳಿಸಿತು. ನದಿಯ ಎರಡೂ ದಡದಲ್ಲಿ ಪಂಜಾಬಿ ಮಾತಾಡುವ ಜನ. ಅವರ ನಡುವಿನ ನೀರಿನಲ್ಲಿ ಲ್ಯಾಂಕಾಶೈರಿನ ಹುಡುಗರು ಎಂಜಿನ್‌ನ ಹಗ್ಗ ಎಳೆಯುತ್ತಿದ್ದರು. ಯಾವ ರಾಷ್ಟ್ರೀಯ ಚರಿತ್ರೆಗೂ ಈ ಚಿತ್ರ ಸಲೀಸಾಗಿ ಒಗ್ಗುವುದಿಲ್ಲ.

ಯುದ್ಧ ಮುಗಿದ ಮೇಲೆ ಭಾರತದ ಕಡಲಿಗೆ ಎಂಜಿನ್ ಬಂದದ್ದು ಅಭಿವೃದ್ಧಿಯ ಹೆಸರಿನಲ್ಲಿ, ಅದೂ ಎವಿನ್‌ರೂಡ್‌ನ ತಾಯ್ನಾಡಿನಿಂದ. 1952ರ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಇದ್ದ ದೋಣಿಗಳಿಗೇ ಎಂಜಿನ್ ಹೊಂದಿಸುವ ಯೋಚನೆ ಹೆಚ್ಚು ಫಲಿಸಲಿಲ್ಲ. ಅಲೆಯೊಳಗಿಂದ ನೇರ ಮರಳಿನ ಮೇಲೆ ಏರಿಸುವ ದೋಣಿಯ ಹೊಟ್ಟೆಗೆ ಡೀಸೆಲ್ ಎಂಜಿನ್ ಕೂರಿಸುವುದು ಕಷ್ಟ. ಯೋಜನೆ ಹೊಸ ಮಾದರಿಯ ಪುಟ್ಟ ಯಾಂತ್ರಿಕ ದೋಣಿಗಳತ್ತ, ಅಲ್ಲಿಂದ ಸಿಗಡಿಯ ಟ್ರಾಲರ್‌ಗಳತ್ತ ಹೊರಳಿತು. ಮರಳಿನ ದಡದ ಮೀನುಗಾರ ಹುಟ್ಟು ಮತ್ತು ಹಾಯಿಯೊಂದಿಗೆ ಇನ್ನೂ ಮೂರು ದಶಕ ಅಲ್ಲೇ ಉಳಿದ.

ಕರ್ನಾಟಕದಲ್ಲೂ ಹೆಚ್ಚು ಕಡಿಮೆ ಇದೇ ಕಥೆ, ಒಂದು ದುರಂತ ಹೆಚ್ಚುವರಿಯಾಗಿ. ನಮ್ಮ ಸುಮಾರು 300 ಕಿಲೋಮೀಟರ್ ಕರಾವಳಿಯಲ್ಲಿ ರಂಪಣಿ ಎಂಬ ಭಾರೀ ಬಲೆಯನ್ನು ಹತ್ತಾರು ಕುಟುಂಬಗಳು ಕೂಡಿ ದಡದಿಂದ ಎಳೆಯುತ್ತಿದ್ದವು. 1970ರ ದಶಕದ ಮಧ್ಯದಲ್ಲಿ ಪರ್ಸಿನ್ ದೋಣಿಗಳು ಬಂದು ಬಂಗುಡೆ, ಬೂತಾಯಿಯ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಆಳದಲ್ಲೇ ಸುತ್ತಿ ಎತ್ತತೊಡಗಿದವು. ದಶಕದ ಕೊನೆಯಲ್ಲಿ ಸಂಘರ್ಷ ಬೀದಿಗೆ ಬಂತು, ರಂಪಣಿ ಸೋತಿತು. ಮೀನು ದಡಕ್ಕೆ ಬಾರದಿದ್ದರೆ ಮೀನಿದ್ದಲ್ಲಿಗೆ ನಾವೇ ಹೋಗಬೇಕು. ಹಾಗೆ 1980ರ ದಶಕದಲ್ಲಿ ನಾಡದೋಣಿಯ ಹಿಂದೆ ಜಪಾನಿನ ಔಟ್‌ಬೋರ್ಡ್ ಎಂಜಿನ್ ಬಂದು ಕೂತಿತು. ಇದನ್ನು 'ಪ್ರಗತಿ' ಎಂದು ಬರೆಯುವ ಇಲಾಖಾ ವರದಿಗಳನ್ನು ಓದುವಾಗ ನನಗೆ ಕಿರಿಕಿರಿಯಾಗುತ್ತದೆ. ಇದು ಆಯ್ಕೆಯಷ್ಟೇ ಅಲ್ಲ, ಒತ್ತಾಯವೂ ಆಗಿತ್ತು. ಎಂಜಿನ್ ಕಟ್ಟದವನಿಗೆ ಮೀನು ಇರಲಿಲ್ಲ.

ಆ ಎಂಜಿನ್ ಕುಡಿಯುತ್ತಿದ್ದದ್ದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆ. ಇದರಲ್ಲಿ ತಾಂತ್ರಿಕ ಜಾಣತನವೇನೂ ಇರಲಿಲ್ಲ, ಇದ್ದದ್ದು ಬೆಲೆಯ ರಾಜಕಾರಣ. ಪೆಟ್ರೋಲಿನ ಮೇಲೆ ತೆರಿಗೆ, ಬಡವರ ಅಡುಗೆ ಮತ್ತು ದೀಪದ ಇಂಧನವೆಂದು ಸೀಮೆಎಣ್ಣೆಗೆ ಸಹಾಯಧನ. ಆ ವ್ಯತ್ಯಾಸದ ಮೇಲೆ ಇಡೀ ನಾಡದೋಣಿ ಮೀನುಗಾರಿಕೆ ನಿಂತಿತು. ಎಂಜಿನ್‌ನ ದೃಷ್ಟಿಯಿಂದ ಮಾತ್ರ ಇದು ಒಗ್ಗದ ಊಟ. ತಣ್ಣಗಿರುವಾಗ ಸೀಮೆಎಣ್ಣೆ ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಪುಟ್ಟ ಡಬ್ಬಿಯ ಪೆಟ್ರೋಲಿನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ನಲ್ಲಿ ತಿರುಗಿಸಿ ಸೀಮೆಎಣ್ಣೆಗೆ ಹೋಗಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು, ಕಾರ್ಬುರೇಟರಿನಲ್ಲಿ ಮುಂದಿನ ಸಲಕ್ಕೆ ಪೆಟ್ರೋಲ್ ಉಳಿದಿರಲಿ ಎಂದು. ಇದೆಲ್ಲ ನಾವು ನಿಲ್ಲಿಸಿದಾಗಿನ ಮಾತು. ಎಂಜಿನ್ ತಾನಾಗಿ ನಿಂತರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಇರುವುದು ಸೀಮೆಎಣ್ಣೆಯೇ. ಕಾರಣ ಹುಡುಕುತ್ತ ಹತ್ತು ನಿಮಿಷ ಕಳೆದು ಎಂಜಿನ್ ತಣ್ಣಗಾದರೆ ಮೂಲ ದೋಷ ಸರಿಯಾದರೂ ಅದು ಮತ್ತೆ ಹತ್ತುವುದಿಲ್ಲ. ಬಟ್ಟಲಿನ ತಳದ ತಿರುಪು ಬಿಚ್ಚಿ ಬಸಿದು, ಪೆಟ್ರೋಲ್ ತುಂಬಿಸಿ, ಮಸಿ ಹಿಡಿದ ಪ್ಲಗ್ಗನ್ನು ಉಜ್ಜಿ ಮತ್ತೆ ಹಗ್ಗ ಎಳೆಯಬೇಕು. ಅಲೆಯಲ್ಲಿ ಕುಣಿಯುವ ದೋಣಿಯ ತುದಿಯಲ್ಲಿ ಬಾಗಿ ಕೂತು ಮಾಡುವ ಕೆಲಸ ಇದು. ಸ್ಪ್ಯಾನರ್ ಜಾರಿದರೆ ಅದು ಅರಬ್ಬೀ ಸಮುದ್ರದ ಪಾಲು.

ಹೀಗೆ ಪದೇ ಪದೇ ನಿಲ್ಲುವ ಎಂಜಿನ್‌ನ ಕಾರಣವನ್ನು ಪತ್ತೆಹಚ್ಚುವ ವಿದ್ಯೆಯನ್ನು ನಾನು ಗೌರವದಿಂದ ನೋಡುತ್ತೇನೆ. ಹಸ್ತಪ್ರತಿಯ ಪಾಠಾಂತರಗಳನ್ನು ಹೋಲಿಸಿ ಮೂಲವನ್ನು ಊಹಿಸುವ ಕೆಲಸಕ್ಕೂ ಇದಕ್ಕೂ ಹೋಲಿಕೆಯಿದೆ. ಸಾಕ್ಷ್ಯ ಇರುವುದು ನಿಂತ ಎಂಜಿನ್‌ನಲ್ಲಿ ಅಲ್ಲ, ಅದು ನಿಂತ ಬಗೆಯಲ್ಲಿ. ಸ್ವಿಚ್ ಒತ್ತಿದ ಹಾಗೆ ಥಟ್ಟನೆ ನಿಂತರೆ ಸಂಶಯ ಮೊದಲು ಕಿಡಿಯ ಮೇಲೆ: ಸಡಿಲ ತಂತಿ, ಉಪ್ಪು ತಿಂದ ಸ್ವಿಚ್ಚು, ಸುರಕ್ಷಾ ಹಗ್ಗದ ಕೊಕ್ಕೆ. ತೊದಲಿ, ಏದುಸಿರು ಬಿಟ್ಟು, ವೇಗ ಇಳಿಸಿ ಆಮೇಲೆ ನಿಂತರೆ ಇಂಧನ ಸಾಲುತ್ತಿಲ್ಲ. ನಿಧಾನ ಓಟದಲ್ಲಿ ಮಾತ್ರ ನಿಂತು ಜೋರು ಓಟದಲ್ಲಿ ಚೆನ್ನಾಗಿದ್ದರೆ ಕಾರ್ಬುರೇಟರಿನ ಅತಿ ಸಣ್ಣ ರಂಧ್ರ ಕಟ್ಟಿಕೊಂಡಿದೆ. ಹಳೆಯ ಇಂಧನ ಒಣಗಿ ಅಂಟಾದಾಗ ಮೊದಲು ಮುಚ್ಚುವುದು ಅದೇ. ಇದಕ್ಕೆ ತದ್ವಿರುದ್ಧವಾಗಿ, ಜೋರಾಗಿ ಓಡಿಸಿದಾಗ ಮಾತ್ರ ನಿಂತರೆ ಎಲ್ಲೋ ಹರಿವಿಗೆ ತಡೆಯಿದೆ.

ಎಲ್ಲಕ್ಕಿಂತ ಮೋಸದ್ದು, ಹತ್ತು ಹದಿನೈದು ನಿಮಿಷ ಸೊಗಸಾಗಿ ಓಡಿ ನಿಲ್ಲುವ ಎಂಜಿನ್. ದಡದಲ್ಲಿ ಪರೀಕ್ಷಿಸಿದಾಗ ಅದು ಯಾವ ದೋಷವನ್ನೂ ತೋರಿಸುವುದಿಲ್ಲ. ಇದರ ಕಾರಣ ಎಷ್ಟೋ ಸಲ ನಗೆ ಬರುವಷ್ಟು ಸಣ್ಣದು: ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಬಿಗಿದೇ ಇರುತ್ತದೆ. ಇಂಧನ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತದೆ, ಪಂಪಿಗೆ ಎಳೆಯಲಾಗುವುದಿಲ್ಲ. ನಿಂತ ಮೇಲೆ ಗಾಳಿ ಮೆಲ್ಲಗೆ ನುಸುಳುತ್ತದೆ, ಎಂಜಿನ್ ಮತ್ತೆ ಹತ್ತುತ್ತದೆ, ಮತ್ತೆ ನಿಲ್ಲುತ್ತದೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ ರಬ್ಬರಿನ ಒಂದು ಉಂಡೆ ಇರುತ್ತದೆ. ಎಂಜಿನ್ ತೊದಲುವಾಗ ಅದನ್ನು ಮುಟ್ಟಿ ನೋಡುವುದು ನಾಡಿ ಹಿಡಿದ ಹಾಗೆ. ಅದು ಚಪ್ಪಟೆಯಾಗಿ ಒಳಸೇರಿದ್ದರೆ ತಡೆ ಹಿಂದೆ, ಟ್ಯಾಂಕಿನ ಕಡೆ. ಮೆತ್ತಗಿದ್ದು, ಹಿಸುಕಿದಾಗ ಎಂಜಿನ್ ಚೇತರಿಸಿಕೊಂಡರೆ ಎಲ್ಲೋ ಗಾಳಿ ಸೇರುತ್ತಿದೆ ಇಲ್ಲವೇ ಪಂಪಿನ ತೆಳು ಪರದೆ ಹರಿದಿದೆ. ಹಾಗಿದ್ದಾಗ ಒಬ್ಬ ಉಂಡೆಯನ್ನು ಹಿಸುಕುತ್ತಲೇ ಇದ್ದರೆ ಇನ್ನೊಬ್ಬ ದೋಣಿಯನ್ನು ದಡ ಮುಟ್ಟಿಸಬಹುದು. ಹಿಸುಕಿದರೂ ವ್ಯತ್ಯಾಸವಾಗದೆ, ಬಿಸಿಯಾದಾಗ ನಿಂತು ತಣ್ಣಗಾದಾಗ ಮಾತ್ರ ಹತ್ತಿದರೆ ಕಿಡಿಯ ಕಾಯಿಲ್ ಬಿಸಿಗೆ ಸೋಲುತ್ತಿದೆ. ಅದನ್ನು ನಿಂತ ಕ್ಷಣದಲ್ಲೇ ಪ್ಲಗ್ ಬಿಚ್ಚಿ ನೋಡಬೇಕು, ತಣ್ಣಗಾದ ಮೇಲೆ ನೋಡಿದರೆ ಕಿಡಿ ನೀಲಿಯಾಗಿ ಹಾರುತ್ತ ನಮ್ಮನ್ನು ಅಣಕಿಸುತ್ತದೆ. ಹೊರಗೆ ಚಿಮ್ಮಬೇಕಾದ ನೀರಿನ ಸಣ್ಣ ಧಾರೆ ಕಾಣದಿದ್ದರೆ ವಿಷಯವೇ ಬೇರೆ. ಒಳಗಿನ ರಬ್ಬರ್ ಚಕ್ರ ಸವೆದಿದೆ ಅಥವಾ ಉಪ್ಪು, ಮರಳು ದಾರಿ ಮುಚ್ಚಿದೆ. ಅಂಥ ಎಂಜಿನ್ನನ್ನು ಮತ್ತೆ ಮತ್ತೆ ಎಳೆದು ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ಶಾಶ್ವತವಾಗಿ ನಿಲ್ಲುತ್ತದೆ.

ಈ ಜ್ಞಾನ ನಮ್ಮ ಕರಾವಳಿಗೆ ಬಂದದ್ದು ಪುಸ್ತಕದಿಂದಲ್ಲ. ಇಂಗ್ಲಿಷಿನ ಕೈಪಿಡಿ ಓದಬಲ್ಲವರು ದೋಣಿಯಲ್ಲಿರಲಿಲ್ಲ, ದೋಣಿಯಲ್ಲಿದ್ದವರ ಭಾಷೆಯಲ್ಲಿ ಕೈಪಿಡಿ ಇರಲಿಲ್ಲ. ಬಂದರಿನ ಪಕ್ಕದ ಸಣ್ಣ ರಿಪೇರಿ ಅಂಗಡಿಗಳಲ್ಲಿ, ಬೈಕು ಮತ್ತು ಪಂಪ್‌ಸೆಟ್ ಬಲ್ಲವರು ಬಿಚ್ಚಿ ಕಟ್ಟಿ ಕಲಿತರು. ಕೇರಳ ಮತ್ತು ಕನ್ಯಾಕುಮಾರಿಯ ಕಡೆ ಮೀನುಗಾರರ ಸಹಕಾರ ಒಕ್ಕೂಟವಾದ ಸಿಫ್ಸ್ ಎಂಜಿನ್ ದುರಸ್ತಿಯನ್ನೇ ತನ್ನ ಮುಖ್ಯ ಸೇವೆಗಳಲ್ಲಿ ಒಂದಾಗಿ ಮಾಡಿಕೊಂಡಿತು. ಎಂಜಿನ್ ಕೊಳ್ಳಲು ಸಾಲ ಸಿಗುತ್ತಿತ್ತು, ಕೆಟ್ಟಾಗ ಬಿಡಿಭಾಗ ಸಿಗುತ್ತಿರಲಿಲ್ಲ. ಈ ಅಂತರವನ್ನು ಅದು ಬೇಗ ಗುರುತಿಸಿತು. ಥಾಯ್ಲೆಂಡಿನವರು ಇನ್ನೂ ಬೇರೆ ದಾರಿ ಹಿಡಿದರು. ಯಾವುದೋ ವಾಹನದ ಎಂಜಿನ್ನಿಗೆ ಉದ್ದನೆಯ ದಂಡ ಜೋಡಿಸಿ, ತುದಿಗೆ ಫ್ಯಾನು ಕಟ್ಟಿ ಉದ್ದಬಾಲದ ದೋಣಿ ಮಾಡಿಕೊಂಡರು. ನೋಡಲು ಒರಟು, ಆದರೆ ಕೆಟ್ಟರೆ ಊರಿನ ಯಾವ ಗ್ಯಾರೇಜಿನಲ್ಲೂ ಸರಿಯಾಗುತ್ತದೆ. ನಮ್ಮ ಯೋಜನಾ ತಜ್ಞರು ಅದರತ್ತ ಇನ್ನಷ್ಟು ಗಂಭೀರವಾಗಿ ನೋಡಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ನಾಡದೋಣಿಗೆ ಎಂಜಿನ್ ನಿಲ್ಲುವ ಭಯ ಅತಿ ಹೆಚ್ಚು ಇರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ವಿನಾಯಿತಿ. ದೊಡ್ಡ ದೋಣಿಗಳು ಲಂಗರು ಹಾಕಿ ಮಲಗಿರುವಾಗ, ಕಡಲು ಅತಿ ಒರಟಾಗಿರುವ ತಿಂಗಳುಗಳಲ್ಲಿ, ಅತಿ ಸಣ್ಣ ಎಂಜಿನ್‌ಗಳು ಹೊರಡುತ್ತವೆ. ಕಾನೂನಿನ ಉದ್ದೇಶ ಬಡವರ ಪರ ಇರುವುದು ನಿಜ. ಫಲ ಮಾತ್ರ ವಿಚಿತ್ರ. ಅಳಿವೆ ಬಾಗಿಲಿನಲ್ಲಿ ನದಿಯ ನೆರೆಯೂ ಕಡಲಿನ ಅಲೆಯೂ ಎದುರುಬದುರಾಗುವಲ್ಲಿ ದೋಣಿಯ ಮೂತಿ ಅಲೆಗೆ ನೇರವಾಗಿರಬೇಕು, ಅದನ್ನು ನೇರವಾಗಿಡುವುದು ಎಂಜಿನ್‌ನ ತಳ್ಳು. ಅದು ಐದು ಸೆಕೆಂಡು ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ. ಮಳೆಗಾಲದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ 'ದೋಣಿ ಮಗುಚಿ' ಎಂದು ಶುರುವಾಗುವ ಸುದ್ದಿಗಳು ಅಲೆಯನ್ನು ದೂರುತ್ತವೆ. ಅಲೆಗಿಂತ ಮೊದಲು ಏನು ನಿಂತಿತ್ತು ಎಂಬುದು ಸುದ್ದಿಯಲ್ಲಿ ಬರುವುದು ಕಡಿಮೆ.

ಈಗ ಸೀಮೆಎಣ್ಣೆಯ ಕಾಲ ಮುಗಿಯುತ್ತಿದೆ. ಅಡುಗೆಮನೆಗೆ ಗ್ಯಾಸ್, ಮನೆಗೆ ವಿದ್ಯುತ್ ಬಂದ ಮೇಲೆ ಕೇಂದ್ರದ ಹಂಚಿಕೆ ಇಳಿಯುತ್ತ ಬಂತು. ಪರ್ಮಿಟ್ ಇದ್ದರೂ ಎಣ್ಣೆ ಇಲ್ಲವೆಂದು ನಾಡದೋಣಿಯವರು ಉಡುಪಿ, ಮಂಗಳೂರು, ಕಾರವಾರದ ಕಡೆ ಮತ್ತೆ ಮತ್ತೆ ಪ್ರತಿಭಟಿಸಿದ್ದಾರೆ. ರಾಜ್ಯ ಸರ್ಕಾರ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಎಂಜಿನ್ನಿಗೆ ಹೋಗುವವರಿಗೆ ಸಹಾಯಧನ ಘೋಷಿಸಿದೆ. ಪೆಟ್ರೋಲ್ ಎಂಜಿನ್ ಮಸಿ ಕಡಿಮೆ ಹಿಡಿಯುತ್ತದೆ, ತಣ್ಣಗಿದ್ದರೂ ಹತ್ತುತ್ತದೆ. ಇಷ್ಟರಮಟ್ಟಿಗೆ ಒಳ್ಳೆಯದೇ.

ಆದರೆ ಇದೇ ವರ್ಷಗಳಲ್ಲಿ ಪೆಟ್ರೋಲ್ ಕೂಡ ಬದಲಾಗಿದೆ. ದೇಶದ ಬಂಕುಗಳಲ್ಲಿ ಈಗ ಸಿಗುವುದು 20 ಶೇಕಡ ಎಥೆನಾಲ್ ಬೆರೆಸಿದ ಪೆಟ್ರೋಲ್. ಕಾರು, ಬೈಕುಗಳ ಮೈಲೇಜಿನ ಬಗ್ಗೆ ನಗರಗಳಲ್ಲಿ ನಡೆದಿರುವ ಚರ್ಚೆಯಲ್ಲಿ ದೋಣಿಯ ಮಾತೇ ಇಲ್ಲ. ಔಟ್‌ಬೋರ್ಡ್ ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ 10 ಶೇಕಡದವರೆಗಿನ ಎಥೆನಾಲನ್ನು ಮಾತ್ರ ಒಪ್ಪುತ್ತವೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆ ಮತ್ತು ಪರದೆಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಟ್ಯಾಂಕಿಗೆ ಮಿತಿ ಮೀರಿ ನೀರು ಸೇರಿದರೆ ಎಥೆನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ಟೂ-ಸ್ಟ್ರೋಕ್ ಎಂಜಿನ್ನಿಗಾದರೆ ಅಪಾಯ ಇಮ್ಮಡಿ. ನಯಕ್ಕೆಂದು ಬೆರೆಸಿದ ಎಣ್ಣೆ ಮೇಲಿನ ಪದರದಲ್ಲಿ ಉಳಿಯುತ್ತದೆ, ಎಂಜಿನ್ ಎಳೆದುಕೊಳ್ಳುವ ಕೆಳಗಿನ ಪದರದಲ್ಲಿ ಎಣ್ಣೆ ಇರುವುದಿಲ್ಲ.

ಎರಡು ಇಲಾಖೆಗಳು, ಎರಡೂ ಸದುದ್ದೇಶದ ನಿರ್ಧಾರಗಳು. ಅವೆರಡೂ ಸಂಧಿಸುವುದು ಒಂದು ನಾಡದೋಣಿಯ 25 ಲೀಟರ್ ಟ್ಯಾಂಕಿನ ತಳದಲ್ಲಿ. ಆ ಟ್ಯಾಂಕಿನಿಂದ ಒಂದಿಷ್ಟು ಇಂಧನವನ್ನು ಪಾರದರ್ಶಕ ಬಾಟಲಿಗೆ ಬಸಿದು ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟರೆ ನೀರಿನ ಪದರ ಇದೆಯೇ ಇಲ್ಲವೇ ಎಂಬುದು ಕಣ್ಣಿಗೇ ಕಾಣುತ್ತದೆ. ಐದು ನಿಮಿಷದ ಕೆಲಸ, ಖರ್ಚಿಲ್ಲ. ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಜೂನ್ ಒಂದಕ್ಕೆ ಮೊದಲು ಬಂದರುಗಳ ಗೋಡೆಗೆ ಅಂಟಿಸಬಹುದು.